ಕಂಟ್ರೋಲ್-ಸಿ ಒತ್ತಿದರೂ ಪೈಥಾನ್ ಪ್ರೋಗ್ರಾಂ ನಿಲ್ಲುವುದಿಲ್ಲವೇಕೆ?

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣಿನ ತೇವಾಂಶ ದಾಖಲಿಸುವ ನಿಮ್ಮ ಪ್ರೋಗ್ರಾಂನಲ್ಲಿ ಸೆನ್ಸರ್ ಓದುವುದಕ್ಕೆ ಬೇರೆ ಥ್ರೆಡ್ (ಅದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸದ ಸರಣಿ) ಇದೆ. ತೊಂದರೆ ಇರುವುದು ಅಲ್ಲೇ. ಕಂಟ್ರೋಲ್-ಸಿಯ ಸಿಗ್ನಲ್ ಬಂದಾಗ ಸಿಪೈಥಾನ್ (ಸಾಮಾನ್ಯವಾಗಿ ಬಳಸುವ ಪೈಥಾನ್ ಇಂಟರ್‌ಪ್ರಿಟರ್) ಒಂದು ಫ್ಲ್ಯಾಗ್ ಏರಿಸುತ್ತದೆ ಅಷ್ಟೆ. ಕೀಬೋರ್ಡ್‌ಇಂಟರಪ್ಟ್ ಎಂಬ, ಪ್ರೋಗ್ರಾಂ ನಿಲ್ಲಿಸುವ ಎಕ್ಸೆಪ್ಶನ್ ಹುಟ್ಟುವುದು ಮುಖ್ಯ ಥ್ರೆಡ್‌ನಲ್ಲಿ ಮಾತ್ರ, ಅದೂ ಬೈಟ್‌ಕೋಡ್ (ಇಂಟರ್‌ಪ್ರಿಟರ್ ನಡೆಸುವ ಆಂತರಿಕ ಕೋಡ್) ಸೂಚನೆಗಳ ನಡುವೆ. ಸೆನ್ಸರ್ ಥ್ರೆಡ್‌ಗೆ ಸುದ್ದಿಯೇ ಮುಟ್ಟದು. ಮುಖ್ಯ ಥ್ರೆಡ್ ಮುಗಿದರೂ ಇಂಟರ್‌ಪ್ರಿಟರ್ ಅದಕ್ಕಾಗಿ ಕಾಯುತ್ತಾ ಕೂರುತ್ತದೆ.

ಥ್ರೆಡಿಂಗ್.ಇವೆಂಟ್ (ಥ್ರೆಡ್‌ಗಳ ನಡುವೆ ಸುದ್ದಿ ಮುಟ್ಟಿಸುವ ಫ್ಲ್ಯಾಗ್) ಒಂದನ್ನು ‘ನಿಲ್ಲು’ ಎಂಬ ಹೆಸರಲ್ಲಿ ಇಟ್ಟುಕೊಳ್ಳಿ (ಪೈಥಾನ್ 3ರಲ್ಲಿ ಕನ್ನಡ ಹೆಸರೂ ನಡೆಯುತ್ತದೆ). ಲೂಪಿನೊಳಗೆ ಟೈಮ್.ಸ್ಲೀಪ್(60) ಬದಲು ನಿಲ್ಲು.ವೇಟ್(60) ಬರೆಯಿರಿ, ಅದು ಟ್ರೂ ಕೊಟ್ಟರೆ ಬ್ರೇಕ್. ಮುಖ್ಯ ಥ್ರೆಡ್‌ನಲ್ಲಿ ಆ ಎಕ್ಸೆಪ್ಶನ್ ಹಿಡಿದು ಮೊದಲು ನಿಲ್ಲು.ಸೆಟ್(), ಆಮೇಲೆ ಸೆನ್ಸರ್ ಥ್ರೆಡ್ ಮುಗಿಯುವವರೆಗೆ ಕಾಯುವ ಜಾಯಿನ್(). ಮುಖ್ಯ ಥ್ರೆಡ್ ಮುಗಿದೊಡನೆ ತಾನೂ ಥಟ್ಟನೆ ನಿಂತುಹೋಗುವ ಡೀಮನ್ ಥ್ರೆಡ್‌ನ ಸುಲಭದ ದಾರಿ ಇಲ್ಲಿ ಖಂಡಿತ ಬೇಡ: ಫೈಲಿಗೆ ಬರೆಯುತ್ತಿದ್ದ ಸಾಲು ಅರ್ಧಕ್ಕೇ ತುಂಡಾಗಬಹುದು.