ಶುಕ್ರ ಕುಲುಮೆ, ಮಂಗಳ ಯಾಕೆ ತಣ್ಣಗೆ?

ಶುಕ್ರ, ಮಂಗಳ ಎರಡರಲ್ಲೂ ಶೇ. 95ಕ್ಕೆ ಕಡಿಮೆಯಿಲ್ಲದಂತೆ ಕಾರ್ಬನ್ ಡೈಆಕ್ಸೈಡ್ ಇದ್ದರೂ ಒಂದು 460 ಡಿಗ್ರಿ ದಾಟಿ ಕುದಿಯುತ್ತೆ, ಇನ್ನೊಂದು ಸರಾಸರಿ ಮೈನಸ್ 60ರ ಆಸುಪಾಸು ಯಾಕೆ ಅಂತ ಕೇಳಿದ್ದೀರಿ. ಎಡವಟ್ಟಾಗಿರೋದು ಶೇಕಡಾವಾರಿನಲ್ಲೇ. ಅದು ಪಾಲು ಹೇಳುತ್ತೆ, ಒಟ್ಟು ಎಷ್ಟಿದೆ ಅಂತ ಹೇಳಲ್ಲ. ಪಂಚೆಯೂ ಹತ್ತಿಯೇ, ಕೌದಿಯೂ ಹತ್ತಿಯೇ. ಚಳಿಗೆ ಯಾವುದು ಹೊದೀತೀರಿ?

ಶುಕ್ರನ ನೆಲದ ಮೇಲೆ ವಾಯುಒತ್ತಡ ನಮ್ಮದರ ಸುಮಾರು 92 ಪಟ್ಟು. ಮಂಗಳದಲ್ಲಿ ನಮ್ಮದರ ಶೇ. 1ರಷ್ಟೂ ಇಲ್ಲ. ಶುಕ್ರದಲ್ಲಿ ಸಾರಜನಕ ಬರೀ ಶೇ. 3.5, ಆದರೂ ಒಟ್ಟು ಲೆಕ್ಕ ಹಾಕಿದರೆ ಭೂಮಿಯಲ್ಲಿರೋದರ ಮೂರು ಪಟ್ಟಿಗೂ ಜಾಸ್ತಿ!

‘ಸೂರ್ಯನಿಗೆ ಹತ್ತಿರ, ಅದಕ್ಕೇ ಬಿಸಿ’ ಅನ್ನೋ ಉತ್ತರ ಅರ್ಧ ಸತ್ಯವೂ ಅಲ್ಲ. ಗಂಧಕಾಮ್ಲದ ಮೋಡಗಳು ಬಿಸಿಲಿನ ಮುಕ್ಕಾಲು ಪಾಲನ್ನು ವಾಪಸ್ ಕಳಿಸಿಬಿಡುತ್ತವೆ. ಶುಕ್ರ ಹೀರೋ ಬಿಸಿಲು ಭೂಮಿ ಹೀರೋದಕ್ಕಿಂತ ಕಡಿಮೆ. ಒಳಗೆ ಬಂದ ಶಾಖ ಆ ದಪ್ಪ ಕಾರ್ಬನ್ ಡೈಆಕ್ಸೈಡ್ ಹೊದಿಕೆ ದಾಟಿ ಹೊರಗೆ ಹೋಗಲಾರದೆ ಒದ್ದಾಡೋದೇ ಅಲ್ಲಿನ ಸಮಸ್ಯೆ.

ಮಂಗಳ ಚಿಕ್ಕದು, ಗುರುತ್ವ ಕಡಿಮೆ, ಇಡೀ ಗ್ರಹವನ್ನು ಕಾಯುವ ಕಾಂತಕ್ಷೇತ್ರವೂ ಈಗಿಲ್ಲ. ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮೋ ವಿದ್ಯುದಾವೇಶದ ಕಣಗಳ ಹರಿವು, ಅದರ ಗಾಳಿಯನ್ನು ಕೋಟ್ಯಂತರ ವರ್ಷಗಳಿಂದ ಕದ್ದೊಯ್ಯುತ್ತಾ ಬಂದಿದೆ. 2014ರಲ್ಲಿ ಅಲ್ಲಿಗೆ ತಲುಪಿದ ನಾಸಾದ ಮೇವನ್ ನೌಕೆ ಅಳೆದಿದ್ದು ಈ ಸೋರಿಕೆಯನ್ನೇ. ಉಳಿದಿರೋದರಲ್ಲೂ ಸುಮಾರು ಕಾಲು ಭಾಗ ಚಳಿಗಾಲದಲ್ಲಿ ಧ್ರುವದ ಮೇಲೆ ಹೆಪ್ಪುಗಟ್ಟಿ, ವಸಂತದಲ್ಲಿ ಮತ್ತೆ ಆವಿಯಾಗುತ್ತೆ.

ಅಂದಹಾಗೆ, ಭೂಮಿಯಲ್ಲೂ ಕಾರ್ಬನ್ ಡೈಆಕ್ಸೈಡ್ ಬೇಕಾದಷ್ಟಿದೆ. ಗಾಳಿಯಲ್ಲಲ್ಲ, ಸುಣ್ಣಕಲ್ಲಿನೊಳಗೆ.