ಕಾಲುಸಂಕ ಬೇಕು, ಅದನ್ನು ನೋಡಿಕೊಳ್ಳುವವರೂ ಬೇಕು

ಕುಶಾಲನಗರದ ಓದುಗರೊಬ್ಬರು ಬರೆದಿದ್ದಾರೆ: ‘ಹೊಳೆಯಾಚೆಯ ಕೊಪ್ಪಕ್ಕೆ ಹೋಗುವ ಹೆದ್ದಾರಿ ಸೇತುವೆಯ ಮೇಲೆ ಲಾರಿ, ಬಸ್ಸುಗಳ ಪಕ್ಕದಲ್ಲೇ ಮಕ್ಕಳು ನಡೆಯಬೇಕಾಗಿದೆ. ಕಾವೇರಿಗೆ ಅಡ್ಡಲಾಗಿ ಪಾದಚಾರಿಗಳಿಗೆಂದೇ ತೂಗುಸೇತುವೆ ಕಟ್ಟಿದರೆ ಕಡಿಮೆ ಖರ್ಚಿನಲ್ಲಿ ಬೇಗ ಮುಗಿಯುತ್ತದೆ. ಇದಕ್ಕೂ ಮೀನಮೇಷ ಎಣಿಸಬೇಕೇ?’

ನಿಮ್ಮ ಬೇಡಿಕೆ ನ್ಯಾಯವಾದದ್ದು. ನಾವು ನಿಮ್ಮ ಜೊತೆಗಿದ್ದೇವೆ. ಖರ್ಚು, ಅವಧಿಯ ಮಾತೂ ಸರಿ. ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಹೊಳೆಯ ನಡುವೆ ಕಂಬ ಬೇಡ ಎಂಬುದೇ ಈ ವಿಧಾನದ ದೊಡ್ಡ ಅನುಕೂಲ: ಮಳೆಗಾಲದಲ್ಲಿ ತೇಲಿಬರುವ ಮರದ ದಿಮ್ಮಿಗಳು ಸಿಕ್ಕಿಕೊಳ್ಳುವ ಅಡ್ಡಿ ಇರುವುದಿಲ್ಲ.

ಆದರೆ ನಡೆಹಾದಿ ಎಷ್ಟು ಎತ್ತರದಲ್ಲಿರಬೇಕು? ಬೇಸಿಗೆಯಲ್ಲಿ ಬಂಡೆ ಕಾಣುವ ಕಾವೇರಿಯನ್ನು ನೋಡಿ ಇದನ್ನು ನಿರ್ಧರಿಸುವಂತಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಿಮ್ಮೂರಿನ ಬಡಾವಣೆಗಳಿಗೇ ಹೊಳೆ ನುಗ್ಗಿತು. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಮುಚ್ಚಿಡಬೇಕಾದ ಸೇತುವೆ ಪ್ರವಾಸಿಗರ ಫೋಟೋಗೆ ಸಾಕಾದೀತು. ಶಾಲೆಗೆ ಹೋಗುವ ಮಗುವಿಗೆ ಅದು ಬೇಕಾಗುವುದೇ ಆಗ.

ನಮಗೆ ಇದಕ್ಕಿಂತ ದೊಡ್ಡ ಚಿಂತೆ ನಿರ್ವಹಣೆಯದು. ಗುಜರಾತಿನ ಮೋರ್ಬಿಯನ್ನು ನೆನೆಯಿರಿ. ಮಚ್ಛು ನದಿಯ ಮೇಲಿನ ಹತ್ತೊಂಬತ್ತನೆಯ ಶತಮಾನದ ತೂಗುಸೇತುವೆಯನ್ನು ದುರಸ್ತಿ ಮಾಡಿ 2022ರ ಅಕ್ಟೋಬರ್ 26ರಂದು ತೆರೆದರು. 30ರ ಸಂಜೆ ಅದು ಕುಸಿದು ನೂರ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ತನಿಖೆ ನಡೆದಾಗ ಕಂಡದ್ದು: ಒಂದು ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು. ಹೊಸ ಹಾಸು ಹಾಕಿದವರು ಹಳೆಯ ಕೇಬಲ್ಲನ್ನು ಬಿಚ್ಚಿ ನೋಡಿರಲಿಲ್ಲ. ನಮ್ಮಂಥ ಮಳೆ ನಾಡಿನಲ್ಲಿ ಕೇಬಲ್ ಲಂಗರಿಗೆ (ಅದರ ತುದಿಯನ್ನು ದಡದಲ್ಲಿ ಬಿಗಿದು ಹಿಡಿಯುವ ಕಟ್ಟಡ) ಸೇರುವ ಜಾಗದಲ್ಲಿ ನೀರು ನಿಂತು, ತುಕ್ಕು ಒಳಗಿನಿಂದಲೇ ಹಿಡಿಯುತ್ತದೆ. ಮೇಲಿನ ಬಣ್ಣ ಹೊಸದಾಗಿಯೇ ಕಾಣುತ್ತಿರುತ್ತದೆ.

ನಿಮ್ಮ ಸೇತುವೆಗೆ ಇನ್ನೊಂದು ತೊಡಕಿದೆ. ಈ ದಡ ಕೊಡಗು, ಆ ದಡದ ಕೊಪ್ಪ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಆ ಕಡೆಯ ಲಂಗರನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಎಂಜಿನಿಯರ್ ಯಾರು, ಹಣ ಯಾವ ಕಚೇರಿಯದು, ಜನ ಮಿತಿಮೀರಿದರೆ ತಡೆಯುವವರು ಯಾರು? ಗುದ್ದಲಿಪೂಜೆಗೆ ಮೊದಲೇ ಇದು ಕಾಗದದ ಮೇಲೆ ಬರಲಿ. ಇದನ್ನು ನೀವು ಮೀನಮೇಷ ಎನ್ನಬಹುದು, ನಾವು ಹಾಗೆನ್ನಲಾರೆವು.

ತೂಗಾಟಕ್ಕೆ ಹೆದರಬೇಡಿ. ಲಂಡನ್ನಿನ ಮಿಲೇನಿಯಂ ಸೇತುವೆಯೂ 2000ದ ಜೂನ್‌ನಲ್ಲಿ ಜನರ ಹೆಜ್ಜೆಗೆ ಅಡ್ಡಡ್ಡ ಓಲಾಡಿ ಎರಡೇ ದಿನದಲ್ಲಿ ಮುಚ್ಚಿತು. ಓಲಾಟ ತಗ್ಗಿಸುವ ಸಾಧನ ಅಳವಡಿಸಿದ ಮೇಲೆ 2002ರಲ್ಲಿ ಮತ್ತೆ ತೆರೆಯಿತು.

ನಿಮ್ಮಿಂದ ಒಂದು ಕೆಲಸವಾಗಬೇಕು. 2018, 2019ರ ನೆರೆಯ ಗುರುತು ನದಿದಂಡೆಯ ಮನೆಗಳ ಗೋಡೆಯಲ್ಲಿ ಉಳಿದಿದ್ದರೆ, ನೆಲದಿಂದ ಎತ್ತರ ಅಳೆದು, ಫೋಟೋ ತೆಗೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಿ, ಪ್ರತಿಗಳನ್ನು ಎರಡೂ ಜಿಲ್ಲಾಧಿಕಾರಿಗಳಿಗೆ ನಾವೇ ತಲುಪಿಸುತ್ತೇವೆ.

-ಸಂ.