ಅಪಾರ್ಟ್‌ಮೆಂಟಿನ ಹಿಂದಿರುವ ಊರು

ಪ್ರಶ್ನೆ: ಬೇಗೂರು ರಸ್ತೆಯ ಅಪಾರ್ಟ್‌ಮೆಂಟಿಗೆ ಬಂದಿದ್ದೇವೆ. ಹಿಂದುಗಡೆಯೇ ಒಂದು ಹಳೇ ಊರಿದೆ. ಸಣ್ಣ ಗುಡಿ, ಅರಳಿಕಟ್ಟೆ, ಅರ್ಧ ಹೂತುಹೋದ ಕಲ್ಲುಗಳು. ಆ ಊರಿನ ಚರಿತ್ರೆ ಬರೆಯುವ ಆಸೆ. ಎಲ್ಲಿಂದ ಶುರು ಮಾಡಲಿ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಕೆರೆಯಿಂದ ಶುರು ಮಾಡಿ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಏರಿ ಕಟ್ಟಿ ಮಳೆನೀರು ನಿಲ್ಲಿಸಿದ ಕಡೆ ಊರು ಬೆಳೆಯಿತು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತಿತ್ತು. ಹಾಗಾಗಿ ಪಕ್ಕದೂರಿನವರನ್ನೂ ಮಾತಾಡಿಸಿ.

ತೂಬು, ಅಂದರೆ ಕೆರೆಯಿಂದ ನೀರು ಹೊರಬಿಡುವ ಬಾಗಿಲು, ಎತ್ತಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದವನು ನೀರಗಂಟಿ. ನಮ್ಮಜ್ಜಿಯ ಊರು ಆನೇಕಲ್ ಕಡೆ. ಅಲ್ಲಿ ನೀರಗಂಟಿ ಬೇಡ ಅಂದರೆ ಪಟೇಲರೂ ತಮ್ಮ ಗದ್ದೆಗೆ ನೀರು ತಿರುಗಿಸಿಕೊಳ್ಳುತ್ತಿರಲಿಲ್ಲವಂತೆ. ಅವನಿಗೆ ಕೂಲಿ ಅಂದರೆ ಕಾಸಲ್ಲ. ಸುಗ್ಗಿ ಮುಗಿದಾಗ ಕಣದಲ್ಲೇ ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಅದು ಆಯ. ಬಡಗಿ, ಕಮ್ಮಾರ, ಅಗಸ, ಊರ ಚಾಕರಿ ಮಾಡುವ ತೋಟಿ ಎಲ್ಲರಿಗೂ ಹೀಗೇ. ಪಟೇಲ, ಶಾನುಭೋಗರಿಂದ ಹಿಡಿದು ತೋಟಿ, ನೀರಗಂಟಿವರೆಗೆ ಅಪ್ಪನಿಂದ ಮಗನಿಗೆ ಬರುತ್ತಿದ್ದ ಈ ಹುದ್ದೆಗಳನ್ನು 1961ರ ಕಾನೂನು ರದ್ದು ಮಾಡಿತು. ಆದರೆ ಆ ಮನೆತನದವರು ಎಷ್ಟೋ ಕಡೆ ಊರಲ್ಲೇ ಇದ್ದಾರೆ.

ಪಟೇಲರ ಮನೆಯಲ್ಲಿ ಕಾಫಿ ಕುಡಿದು ಬಂದುಬಿಟ್ಟರೆ ಅರ್ಧ ಊರು ಮಾತ್ರ ಸಿಗುತ್ತದೆ. ಕೇರಿಗೂ ಹೋಗಿ. ನೀರಗಂಟಿ, ತೋಟಿ ಕೆಲಸ ಮಾಡಿದವರು ಹೆಚ್ಚಿನ ಕಡೆ ದಲಿತರೇ. ಗಡಿಕಲ್ಲು ಎಲ್ಲಿತ್ತು, ಬೇಸಿಗೆಯಲ್ಲಿ ಕೆರೆ ಎಲ್ಲಿಯವರೆಗೆ ಬತ್ತುತ್ತಿತ್ತು ಅಂತ ಅವರಿಗೆ ಗೊತ್ತು. ಯಾವ ಬಾವಿಯಲ್ಲಿ ತಮಗೆ ನೀರು ಸೇದಲು ಬಿಡುತ್ತಿರಲಿಲ್ಲ ಅನ್ನುವುದೂ ಗೊತ್ತು. ಅದನ್ನೂ ಬರೆಯಿರಿ. ಅದಿಲ್ಲದ ಊರಿನ ಚರಿತ್ರೆಯನ್ನು ನಾನಂತೂ ಒಪ್ಪುವುದಿಲ್ಲ.

ಊರಹಬ್ಬವನ್ನು ತಪ್ಪಿಸಿಕೊಳ್ಳಬೇಡಿ. ಊರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತು ಬರುವಾಗ ಯಾರ ಮನೆಯದು ಮೊದಲು, ಯಾರದು ಕೊನೆಗೆ, ತಮಟೆ ಬಡಿಯುವವರು ಯಾರು ಅಂತ ನೋಡಿ. ಹಳೇ ಊರಿನ ಲೆಕ್ಕಾಚಾರವೆಲ್ಲ ಆ ಸಾಲಿನಲ್ಲಿದೆ. ಆರತಿ ಹೊತ್ತ ಹೆಂಗಸರನ್ನೇ ಕೇಳಿ, ಬಿಡಿಸಿ ಹೇಳುತ್ತಾರೆ.

ಇನ್ನು ಆ ಹೂತ ಕಲ್ಲುಗಳು. ವೀರಗಲ್ಲು ಇದ್ದರೂ ಇರಬಹುದು. ದನ ಕಾಪಾಡಲು, ಊರು ಉಳಿಸಲು ಹೋರಾಡಿ ಸತ್ತವರಿಗೆ ನೆಟ್ಟ ಕಲ್ಲು ಅದು. ಹೆಬ್ಬಾಳದ ಕಿತ್ತಯ್ಯನ ಕಲ್ಲು ಸುಮಾರು 750ನೇ ಇಸವಿಯದು. ನಿಮಗೆ ಹತ್ತಿರವಿರುವ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಶಾಸನವಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ (1905) ಬೆಂಗಳೂರು ಜಿಲ್ಲೆಯದೇ. ನಿಮ್ಮೂರಿನ ಹೆಸರು ಅದರಲ್ಲಿದೆಯಾ ನೋಡಿ. ಕಲ್ಲಿಗೆ ಮಾತ್ರ ಸುಣ್ಣ, ಬಣ್ಣ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತವೆ. ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಅವರಿಗೊಂದು ಫೋಟೊ ಕಳಿಸಿ.

ಭೂಮಾಪನ ಇಲಾಖೆಯಿಂದ ಗ್ರಾಮ ನಕಾಶೆಯನ್ನೂ ತೆಗೆದುಕೊಳ್ಳಿ. ಕೆರೆ, ಹಳ್ಳ, ಬಂಡಿದಾರಿ ಅದರಲ್ಲಿರುತ್ತವೆ. ಹಿರಿಯರೊಬ್ಬರನ್ನು ಕರೆದುಕೊಂಡು ಏರಿ ಮೇಲೆ ನಡೆಯಿರಿ. ಅವರು ಹೇಳಿದ ಹೆಸರುಗಳನ್ನೆಲ್ಲ ನಕಾಶೆಯ ಮೇಲೇ ಗುರುತು ಹಾಕಿಕೊಳ್ಳಿ. ಬಿಸಿಲೇರುವ ಮುಂಚೆ ಹೋಗಿ, ವಯಸ್ಸಾದವರಿಗೆ ಜಾಸ್ತಿ ಹೊತ್ತು ನಡೆಯಲು ಆಗುವುದಿಲ್ಲ.